ನೋಡುವ ಹಕ್ಕಿ, ತಿನ್ನುವ ಹಕ್ಕಿ

ಫಾಲ್ಗುಣ ಕಳೆದು ಚೈತ್ರ ಕಾಲಿಡುವ ಹೊತ್ತಿಗೆ ನಮ್ಮ ಊರುಗಳ ಕೆರೆಯ ಏರಿಯ ಮೇಲೆ ಎರಡು ಬಗೆಯ ಜೀವಿಗಳ ಸಂಭ್ರಮ ಹೆಚ್ಚುತ್ತದೆ. ಒಂದು, ಹಕ್ಕಿಗಳು, ಇನ್ನೊಂದು, ಹಕ್ಕಿಗಳನ್ನು ನೋಡುವ ಮನುಷ್ಯರು. ಮೊದಲನೆಯವನ್ನು ಕುರಿತು ಬರೆಯಬಲ್ಲ ತಜ್ಞರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಎರಡನೆಯವರನ್ನು ಕುರಿತು ವಿಚಾರ ಮಾಡಿದವರು ಕಡಮೆ. ಈ ಲೇಖನ ಅವರನ್ನು ಕುರಿತದ್ದು. ನಾನೂ ಆ ಗುಂಪಿಗೆ ಸೇರಿದವನೇ. ಆದಕಾರಣ ಇಲ್ಲಿ ಆಡುವ ಮಾತು ಪರರಿಗೆ ಹೇಳುವ ಬುದ್ಧಿವಾದವಲ್ಲ, ಮನೆಯೊಳಗಿನ ಮಾತು ಎಂದು ವಾಚಕರು ತಿಳಿಯಬೇಕು.

ಹಕ್ಕಿ ನೋಡುವ ಹವ್ಯಾಸದವರು ಸಾಮಾನ್ಯವಾಗಿ ಸಾಧು ಸ್ವಭಾವದವರು. ಹೊತ್ತು ಮೂಡುವ ಮುಂಚೆ ಏಳುತ್ತಾರೆ. ಮನೆಯವರ ನಿದ್ದೆ ಕೆಡದಂತೆ ಬಾಗಿಲು ಸರಿಸಿ ಹೊರಡುತ್ತಾರೆ. ಕೊರಳಿನಲ್ಲಿ ಒಂದು ದುರ್ಬೀನು, ಜೇಬಿನಲ್ಲಿ ಒಂದು ಪುಟ್ಟ ಪುಸ್ತಕ. ಗಟ್ಟಿಯಾಗಿ ಮಾತನಾಡುವುದಿಲ್ಲ. ಪ್ರಪಂಚದ ಮುಕ್ಕಾಲು ಪಾಲು ವ್ಯವಹಾರಗಳೊಡನೆ ಹೋಲಿಸಿದರೆ ಇದು ಎಷ್ಟು ನಿರುಪದ್ರವಿಯಾದ ಕೆಲಸ! ಬೇಟೆಗಾರ ಪ್ರಾಣವನ್ನು ತೆಗೆಯುತ್ತಾನೆ, ಬೆಸ್ತ ಮೀನನ್ನು ತೆಗೆಯುತ್ತಾನೆ, ಪೂಜೆಗೆ ಹೊರಟವನು ಹೂವನ್ನಾದರೂ ಕೀಳುತ್ತಾನೆ. ನೋಡುವವನು ಏನು ತೆಗೆದ? ಕೆರೆ ಇದ್ದಂತೆಯೇ ಇದೆ. ಹಕ್ಕಿ ಇದ್ದಂತೆಯೇ ಇದೆ. “ನಾವು ಏನನ್ನೂ ಮುಟ್ಟುವುದಿಲ್ಲ, ನೋಡುತ್ತೇವೆ, ಅಷ್ಟೆ” ಎಂದು ಈ ಹವ್ಯಾಸದವರು ಹೇಳುವಾಗ ಅವರ ದನಿಯಲ್ಲಿ ಒಂದು ತೃಪ್ತಿ ಇರುತ್ತದೆ. ಕದಿಯದೆ, ಕೊಲ್ಲದೆ, ಕೊಳ್ಳದೆ ದೊರೆತ ಸಂತೋಷದ ತೃಪ್ತಿ ಅದು. ನನ್ನ ಪ್ರಶ್ನೆ ಇಷ್ಟೇ: ನೋಟ ನಿಜವಾಗಿಯೂ ಅಷ್ಟು ನಿರಪರಾಧಿಯೆ?

ಪ್ರಶ್ನೆ ಗಾಳಿಯಲ್ಲಿ ತೇಲದಿರಲೆಂದು ಒಂದು ಕೆರೆಯನ್ನು ಮುಂದಿಟ್ಟುಕೊಳ್ಳೋಣ. ಮೈಸೂರಿನ ಕುಕ್ಕರಹಳ್ಳಿ ಕೆರೆ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ್ದು. ಊರ ಹೊರಗಿನ ಜಮೀನುಗಳಿಗೆ ನೀರೊದಗಿಸಲೆಂದು 1864ರಲ್ಲಿ ಕಟ್ಟಿಸಿದ್ದು. ಇಂದು ಊರು ಅದನ್ನು ಸುತ್ತಿಕೊಂಡಿದೆ. ಮಗ್ಗುಲಲ್ಲೇ ಮಾನಸಗಂಗೋತ್ರಿ ಇದೆ. ವಸಂತದಲ್ಲಿ ಇಂಥ ಕೆರೆಗಳಲ್ಲಿ ಎರಡು ಕಾರ್ಯಗಳು ಒಟ್ಟಿಗೇ ನಡೆಯುತ್ತವೆ. ಮೊದಲನೆಯದು ಬೀಳ್ಕೊಡುಗೆ. ಚಳಿಗಾಲ ಕಳೆಯಲೆಂದು ಉತ್ತರದಿಂದ ಬಂದ ಬಾತುಗಳು, ಬಾಲ ಕುಣಿಸುವ ಸಿಪಿಲೆಗಳು ಒಂದೊಂದಾಗಿ ಮರಳತೊಡಗುತ್ತವೆ. ನಂಜನಗೂಡಿನ ಕಡೆಯ ಹದಿನಾರು ಕೆರೆಗೆ ಬರುವ ಪಟ್ಟೆತಲೆಯ ಹೆಬ್ಬಾತುಗಳಂತೂ ಹಿಮಾಲಯವನ್ನೇ ದಾಟಿ ಮಧ್ಯ ಏಷ್ಯದ ಎತ್ತರದ ಸರೋವರಗಳಿಗೆ ಹೋಗಬೇಕಾದವು. ಬೆಳಗ್ಗೆ ಇದ್ದ ಹಿಂಡು ಮರುದಿನ ಇಲ್ಲ. ಅದು ಯಾರಿಗೂ ಹೇಳಿ ಹೋಗುವುದಿಲ್ಲ.

ಎರಡನೆಯದು ಬಾಣಂತನ. ಇಲ್ಲಿಯೇ ಉಳಿಯುವ ಹಕ್ಕಿಗಳಿಗೆ ಇದು ಮದುವೆಯ, ಮಕ್ಕಳ ಕಾಲ. ವರ್ಷವೆಲ್ಲ ಮಣ್ಣಿನ ಬಣ್ಣದಲ್ಲಿ ಅಡಗಿ ಕುಳಿತಿದ್ದ ಕೊಳದ ಬಕಕ್ಕೆ ಬೆನ್ನಿನ ಮೇಲೆ ಕೆಂಗಂದು ಬಣ್ಣದ ಗರಿ ಮೂಡುತ್ತದೆ. ದನಗಳ ಹಿಂದೆ ಅಲೆಯುವ ಬೆಳ್ಳಕ್ಕಿಯ ತಲೆ ಕೊರಳುಗಳಿಗೆ ಯಾರೋ ಅರಿಸಿನ ಹಚ್ಚಿದ ಹಾಗೆ ಹೊನ್ನಿನ ಬಣ್ಣ ಬರುತ್ತದೆ. ನಡುಗಡ್ಡೆಯ ಮರಗಳಲ್ಲಿ ಹೆಜ್ಜಾರ್ಲೆ, ನೀರುಕಾಗೆ, ಬಣ್ಣದ ಕೊಕ್ಕರೆಗಳ ಗೂಡುಗಳು ಒತ್ತೊತ್ತಾಗಿ ಏಳುತ್ತವೆ. ಹೀಗೆ ಕೆರೆ ಅತ್ಯಂತ ಸುಂದರವಾಗಿ ಕಾಣುವ ಕಾಲವೇ ನೋಡುವವರು ಹೆಚ್ಚಾಗಿ ಬರುವ ಕಾಲ; ಹಕ್ಕಿಗೆ ನೋಡುವವನನ್ನು ಸಹಿಸುವ ಶಕ್ತಿ ಅತ್ಯಂತ ಕಡಮೆ ಇರುವ ಕಾಲವೂ ಅದೇ.

ಈ ಮಾತನ್ನು ಸ್ವಲ್ಪ ಬಿಡಿಸಬೇಕು. ಉಳಿದ ದಿನಗಳಲ್ಲಿ ಮನುಷ್ಯ ಹತ್ತಿರ ಬಂದರೆ ಹಕ್ಕಿ ಹಾರಿ ಹೋಗುತ್ತದೆ. ಅಲ್ಲಿಗೆ ಲೆಕ್ಕ ಚುಕ್ತಾ. ಗೂಡಿನಲ್ಲಿ ಕುಳಿತ ಹಕ್ಕಿಗೆ ಆ ಸ್ವಾತಂತ್ರ್ಯವಿಲ್ಲ. ಮೊಟ್ಟೆಗೆ ಕಾವು ಬೇಕೆಂಬುದು ಎಲ್ಲರಿಗೂ ಗೊತ್ತು. ಚೈತ್ರದ ಮಧ್ಯಾಹ್ನ ಮೊಟ್ಟೆಗೂ ಮರಿಗೂ ಕಾವಿನಷ್ಟೇ ನೆರಳೂ ಬೇಕೆಂಬುದು ಹಲವರಿಗೆ ತಿಳಿಯದು. ಬಣ್ಣದ ಕೊಕ್ಕರೆ ಬಿಸಿಲಿಗೆ ಬೆನ್ನೊಡ್ಡಿ, ರೆಕ್ಕೆಗಳನ್ನು ಅರ್ಧ ಬಿಚ್ಚಿ, ಮರಿಗಳ ಮೇಲೆ ಕೊಡೆಯಂತೆ ನಿಂತಿರುವುದನ್ನು ರಂಗನತಿಟ್ಟಿನಲ್ಲಿ ನೋಡಿದವರು ಮರೆಯಲಾರರು. ಆ ಕೊಡೆ ಹತ್ತು ನಿಮಿಷ ಮಡಚಿದರೂ ಪುಕ್ಕ ಬಾರದ ಮರಿಗೆ ಅಪಾಯ. ಮೇಲಿನಿಂದ ಹದ್ದು ನೋಡುತ್ತಿರುತ್ತದೆ. ಪಕ್ಕದ ಕೊಂಬೆಯಿಂದ ಕಾಗೆ ನೋಡುತ್ತಿರುತ್ತದೆ. ದಂಡೆಯಲ್ಲಿ ನಿಂತ ನಾವು ಒಂದು ಹೆಜ್ಜೆ ಮುಂದಿಟ್ಟಾಗ ತಾಯಿ ಹಕ್ಕಿ ಎದ್ದರೆ, ನಾವು ಏನನ್ನೂ ಮುಟ್ಟಿಲ್ಲ, ನಿಜ. ಕಾಗೆ ಮುಟ್ಟಿತು. ಅದಕ್ಕೆ ದಾರಿ ಮಾಡಿಕೊಟ್ಟವರು ಯಾರು?

ನಮ್ಮ ಪರಂಪರೆ ನೋಟವನ್ನು ಬಹಳ ದೊಡ್ಡ ಪದವಿಯಲ್ಲಿ ಕೂರಿಸಿದೆ. ಮುಂಡಕೋಪನಿಷತ್ತಿನಲ್ಲಿ ಎರಡು ಹಕ್ಕಿಗಳ ಚಿತ್ರ ಬರುತ್ತದೆ. ಋಗ್ವೇದದಲ್ಲಿಯೂ ಅದು ಇದೆ. ಒಂದೇ ಮರದಲ್ಲಿ ಎರಡು ಹಕ್ಕಿಗಳು. ಒಂದು ಹಣ್ಣನ್ನು ತಿನ್ನುತ್ತದೆ. ಇನ್ನೊಂದು ತಿನ್ನದೆ ಸುಮ್ಮನೆ ನೋಡುತ್ತದೆ. ತಿನ್ನುವುದು ಸಂಸಾರದಲ್ಲಿ ಸಿಕ್ಕಿದ ಜೀವ, ನೋಡುವುದು ಸಾಕ್ಷಿ ಎಂದು ವೇದಾಂತಿಗಳು ಅರ್ಥ ಹೇಳಿದರು. ತಿನ್ನುವುದಕ್ಕಿಂತ ನೋಡುವುದು ಮೇಲು ಎಂಬ ಭಾವನೆ ನಮ್ಮ ರಕ್ತದಲ್ಲೇ ಇದೆ. ಹಕ್ಕಿ ನೋಡಲು ಹೋದವನು ತನ್ನನ್ನು ತಾನು ಆ ಎರಡನೆಯ ಹಕ್ಕಿಯೆಂದೇ ಒಳಗೊಳಗೆ ಭಾವಿಸುತ್ತಾನೆ. ಬೆಸ್ತ ತಿನ್ನುವ ಹಕ್ಕಿ, ತಾನು ನೋಡುವ ಹಕ್ಕಿ!

ಆದರೆ ಅದೇ ಪರಂಪರೆ ಇನ್ನೊಂದು ನೋಡುವ ಹಕ್ಕಿಯನ್ನೂ ನಮಗೆ ತೋರಿಸಿಕೊಟ್ಟಿದೆ. ಅದು ಬಕ. ಒಂಟಿ ಕಾಲಿನ ಮೇಲೆ ಅಲುಗಾಡದೆ, ಉಸಿರು ಬಿಗಿಹಿಡಿದು, ನೀರನ್ನೇ ದಿಟ್ಟಿಸಿ ನಿಲ್ಲುವ ಈ ತಪಸ್ವಿಯ ಏಕಾಗ್ರತೆಗೆ ಸಾಟಿಯಿಲ್ಲ. ಆದರೂ ಲೋಕ ಅದನ್ನು ಧ್ಯಾನವೆಂದು ಒಪ್ಪದೆ ‘ಬಕಧ್ಯಾನ’ ಎಂದು ಕರೆದು ನಕ್ಕಿತು. ಏಕೆಂದರೆ ಆ ನೋಟದ ತುದಿಯಲ್ಲಿ ಕೊಕ್ಕು ಇದೆ. ಬಕಕ್ಕೆ ಇದರಿಂದ ಅನ್ಯಾಯವಾಗಿದೆಯೆಂದು ನಾನು ಬಲ್ಲೆ. ಅದು ಹೊಟ್ಟೆಗಾಗಿ ನೋಡುತ್ತದೆ. ಯಾರಿಗೂ ತಾನು ಸಂನ್ಯಾಸಿಯೆಂದು ಹೇಳಿಕೊಂಡಿಲ್ಲ. ನಗೆಗೆ ನಿಜವಾಗಿ ಪಾತ್ರನಾಗಬೇಕಾದವನು ಸಾಕ್ಷಿಯ ವೇಷದಲ್ಲಿ ನಿಂತ ಬಕ, ಎಂದರೆ ಮನುಷ್ಯ.

ಕೆರೆಯ ದಂಡೆಯಲ್ಲಿ ಬಕವೂ, ಕ್ಯಾಮರಾ ಹಿಡಿದವನೂ ಕೆಲವೊಮ್ಮೆ ಹತ್ತು ಮಾರು ಅಂತರದಲ್ಲಿ ಒಂದೇ ಭಂಗಿಯಲ್ಲಿ ನಿಂತಿರುತ್ತಾರೆ. ಒಬ್ಬರ ಕಣ್ಣು ಮೀನಿನ ಮೇಲೆ, ಇನ್ನೊಬ್ಬರ ಕಣ್ಣು ಬಕದ ಮೇಲೆ. ಇಬ್ಬರಿಗೂ ಏನೋ ಬೇಕಾಗಿದೆ. ಕೆಲವರಿಗೆ ಬೇಕಾದುದು ಚಿತ್ರ. ಕೆಲವರಿಗೆ ಎಣಿಕೆ, ಇಂದಿನ ಪಟ್ಟಿಯಲ್ಲಿ ನಿನ್ನೆಗಿಂತ ಎರಡು ಹೆಸರು ಹೆಚ್ಚು ಸೇರಬೇಕು. ಇನ್ನು ಕೆಲವರಿಗೆ ಇತರರಿಗಿಂತ ಮೊದಲು ಕಂಡೆನೆಂಬ ಹೆಮ್ಮೆ. ತಪ್ಪಲ್ಲ, ಮನುಷ್ಯ ಸಹಜ. ಆದರೆ ಬೇಕು ಎಂಬುದು ಹುಟ್ಟಿದ ಮೇಲೆ ನೋಟ ಸುಮ್ಮನಿರುವುದಿಲ್ಲ. ಇನ್ನಷ್ಟು ಹತ್ತಿರ ಹೋಗೋಣವೆನ್ನುತ್ತದೆ. ಅಡ್ಡ ಬಂದ ರೆಂಬೆಯನ್ನು ಸರಿಸೋಣವೆನ್ನುತ್ತದೆ. ಆ ರೆಂಬೆ ಗೂಡಿಗೆ ಮರೆಯಾಗಿತ್ತೆಂಬುದು ಆಮೇಲೆ ಹೊಳೆಯುತ್ತದೆ. ಕುಳಿತ ಹಿಂಡು ಹಾರಿದರೆ ಚಿತ್ರ ಚೆನ್ನಾಗಿ ಬರುತ್ತದೆಂದು ಚಪ್ಪಾಳೆ ತಟ್ಟುವವರೂ ಉಂಟು. ನಾಲ್ಕು ಸಾವಿರ ಮೈಲಿನ ದಾರಿಗೆ ಕೊಬ್ಬು ಕೂಡಿಸಿಕೊಳ್ಳುತ್ತಿರುವ ಹಕ್ಕಿಗೆ ಆ ಚಪ್ಪಾಳೆ ಮೆಚ್ಚುಗೆಯಲ್ಲ, ಸುಂಕ.

ಇದಕ್ಕಿಂತಲೂ ಸೂಕ್ಷ್ಮವಾದ ಒಂದು ವಿದ್ಯೆ ಈಚೆಗೆ ಬಂದಿದೆ. ಹಕ್ಕಿಯ ಕೂಗನ್ನು ಮೊಬೈಲಿನಲ್ಲಿ ಅದಕ್ಕೇ ಕೇಳಿಸುವುದು. ಪೊದೆಯೊಳಗೆ ಅವಿತ ಗಂಡುಹಕ್ಕಿ ತನ್ನ ಸೀಮೆಗೆ ಎದುರಾಳಿ ಬಂದನೆಂದು ತಿಳಿದು ಹೊರಗೆ ನೆಗೆಯುತ್ತದೆ, ಎದೆಯುಬ್ಬಿಸಿ ಕೂಗುತ್ತದೆ, ಇಲ್ಲದ ಶತ್ರುವನ್ನು ಹುಡುಕಿ ಕೊಂಬೆಯಿಂದ ಕೊಂಬೆಗೆ ಹಾರುತ್ತದೆ. ನೋಡುವವನಿಗೆ ತೃಪ್ತಿಯಾಗುತ್ತದೆ. ಅವನು ಹೋದ ಮೇಲೆ ಇನ್ನೊಬ್ಬ ಬರುತ್ತಾನೆ. ಹಕ್ಕಿ ಮತ್ತೆ ಯುದ್ಧಕ್ಕೆ ಏಳುತ್ತದೆ. ಹೆಂಡತಿ ಮಕ್ಕಳಿಗೆ ಹುಳು ತರಬೇಕಾದ ಬೆಳಗು ಹೀಗೆ ಕಳೆಯುತ್ತದೆ. ಇಲ್ಲಿ ಹಾನಿಗಿಂತ ಹೆಚ್ಚಾಗಿ ನನ್ನನ್ನು ಕಾಡುವುದು ಸುಳ್ಳು. ಹಕ್ಕಿ ನಮ್ಮನ್ನು ನಂಬಿತು. ಮೂಕಪ್ರಾಣಿಗೆ ಹೇಳಿದ ಸುಳ್ಳು ಸುಳ್ಳಲ್ಲವೆ? ವ್ಯಾಪಾರದಲ್ಲಿ ಸುಳ್ಳು ಹೇಳಿದವನು ಲಾಭಕ್ಕಾಗಿ ಹೇಳಿದೆನೆಂದಾದರೂ ಒಪ್ಪಿಕೊಂಡಾನು. ಸೌಂದರ್ಯಕ್ಕಾಗಿ ಸುಳ್ಳು ಹೇಳಿದವನು ತನ್ನನ್ನು ರಸಿಕನೆಂದು ಕರೆದುಕೊಳ್ಳುತ್ತಾನೆ.

ಹಾಗಾದರೆ ನೋಡಲೇ ಕೂಡದೆ? ಈ ತೀರ್ಮಾನಕ್ಕೆ ಹಾರುವವರು ಇತಿಹಾಸವನ್ನು ಮರೆತವರು. ಹಕ್ಕಿಯನ್ನು ತಿಳಿಯುವ ವಿದ್ಯೆ ಮೊದಲು ಬಂದೂಕಿನ ಜೊತೆಯಲ್ಲಿ ಬಂತು. ಹಳೆಯ ಸಮೀಕ್ಷೆಗಳಲ್ಲಿ ಹಕ್ಕಿಯನ್ನು ಹೊಡೆದು, ಚರ್ಮ ಒಣಗಿಸಿ, ಚೀಟಿ ಕಟ್ಟಿ ಪೆಟ್ಟಿಗೆಯಲ್ಲಿಡುವುದೇ ಕ್ರಮವಾಗಿತ್ತು. ದುರ್ಬೀನು ಬಂದು ಆ ಬಂದೂಕನ್ನು ಕೆಳಗಿಡಿಸಿತು. ದೂರದಲ್ಲೇ ನಿಂತು ತಿಳಿಯಬಹುದೆಂದು ಮನುಷ್ಯ ಕಲಿತದ್ದು ಸಣ್ಣ ಮುನ್ನಡೆಯೇನಲ್ಲ. 1940ರಲ್ಲಿ ಸಲೀಂ ಅಲಿಯವರು ಕಾವೇರಿಯ ನಡುಗಡ್ಡೆಗಳನ್ನು ನೋಡಿ ಮೈಸೂರು ಅರಸರಿಗೆ ಹೇಳದಿದ್ದರೆ ರಂಗನತಿಟ್ಟು ಪಕ್ಷಿಧಾಮವಾಗುತ್ತಿರಲಿಲ್ಲ. ಆ ರಂಗನತಿಟ್ಟು 2022ರಲ್ಲಿಯೂ, ಅಂಕಸಮುದ್ರ ಮತ್ತು ಗದಗ ಜಿಲ್ಲೆಯ ಮಾಗಡಿ ಕೆರೆ 2024ರಲ್ಲಿಯೂ ಜಗತ್ತಿನ ಮಹತ್ತ್ವದ ಜೌಗುನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿದವು. ವರ್ಷವರ್ಷವೂ ಯಾರೋ ಚಳಿಯಲ್ಲಿ ನಿಂತು ಎಣಿಸಿದ್ದರಿಂದ ಇದು ಸಾಧ್ಯವಾಯಿತು.

ನೋಡದಿರುವುದರಿಂದ ಏನಾಗುತ್ತದೆ ಎಂಬುದಕ್ಕೆ ಬೆಂಗಳೂರೇ ಸಾಕ್ಷಿ. ಮೆಜೆಸ್ಟಿಕ್ಕಿನ ಬಸ್ ನಿಲ್ದಾಣ ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ನಿಂತಿದೆ. ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೆಯ ಅಂಗಳದಲ್ಲಿದೆ. ಆ ಕೆರೆಗಳನ್ನು ಮುಚ್ಚಿದವರು ಹಕ್ಕಿಗಳ ಮೇಲೆ ಹಗೆ ಸಾಧಿಸಿದವರಲ್ಲ. ಅವರ ಕಣ್ಣಿಗೆ ಅಲ್ಲಿ ಹಕ್ಕಿ ಕಾಣಲೇ ಇಲ್ಲ, ಜಾಗ ಕಂಡಿತು. ಕೆರೆ ಕಟ್ಟಿಸುವುದನ್ನು ಹಿಂದಿನವರು ಸಪ್ತಸಂತಾನಗಳಲ್ಲಿ ಒಂದೆಂದು, ಮಗನನ್ನು ಪಡೆದಷ್ಟೇ ಪುಣ್ಯವೆಂದು ಎಣಿಸಿದ್ದರು. ಧರ್ಮಕಾರ್ಯವನ್ನು ಕೆಡಿಸಿದವನಿಗೆ ಕಾಶಿಯಲ್ಲಿ ಕವಿಲೆಯನ್ನು ಕೊಂದ ಪಾಪ ಬರಲೆಂದು ಶಾಸನಗಳಲ್ಲಿ ಕೊರೆಸಿದ್ದರು. ಕಲ್ಲಿನ ಶಾಪಕ್ಕೆ ಇಂದು ಯಾರೂ ಅಂಜುವುದಿಲ್ಲ. ಕೆರೆಯನ್ನು ಕಾಯುವುದು ಈಗ ಅದನ್ನು ದಿನವೂ ನೋಡುವವರ ಕಣ್ಣು ಮಾತ್ರ. ಆದ್ದರಿಂದ ನೋಟ ಬೇಕು. ಪ್ರಶ್ನೆ ನೋಡಬೇಕೆ ಬೇಡವೆ ಎಂಬುದಲ್ಲ. ನೋಟಕ್ಕೆ ಧರ್ಮವೊಂದಿದೆಯೆ, ಇದ್ದರೆ ಅದು ಯಾವುದು ಎಂಬುದು.

ಇದಕ್ಕೆ ಉತ್ತರದ ಸುಳಿವು ನನಗೆ ದೊರೆತದ್ದು ಗ್ರಂಥಗಳಲ್ಲಲ್ಲ, ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ. ಅಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರ ನಡುವಿನ ಹುಣಿಸೆಮರಗಳಲ್ಲೇ ಗೂಡು ಕಟ್ಟುತ್ತವೆ. ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರು 1976ರಲ್ಲಿ ಹೊರಲೋಕಕ್ಕೆ ಪರಿಚಯಿಸುವ ಎಷ್ಟೋ ಮೊದಲೇ ಊರಿನವರೂ ಹಕ್ಕಿಗಳೂ ಹೀಗೆ ಬಾಳಿಕೊಂಡು ಬಂದಿದ್ದರು. ಒಂದು ವಸಂತದಲ್ಲಿ ವಿದ್ಯಾರ್ಥಿಗಳೊಡನೆ ಹೋಗಿದ್ದಾಗ ಜಗಲಿಯ ಮೇಲೆ ಕುಳಿತಿದ್ದ ವೃದ್ಧೆಯೊಬ್ಬಳು, ಮರದ ಕೆಳಗೆ ನುಗ್ಗುತ್ತಿದ್ದ ನಮ್ಮ ಹುಡುಗರನ್ನು ಕಂಡು ನನ್ನನ್ನು ಕರೆದಳು. “ಅವು ನಮ್ಮೂರ ಹೆಣ್ಮಕ್ಕಳು ಸ್ವಾಮಿ, ಬಾಣಂತನಕ್ಕೆ ತವರಿಗೆ ಬಂದವೆ. ಬಾಣಂತಿ ಕೋಣೆಗೆ ಯಾರಾನ ಹಿಂಗೆ ನುಗ್ತಾರಾ? ಬಾಗ್ಲಲ್ಲಿ ನಿಂತು ನೋಡಿ ಹೋಗಾಕೆ ಹೇಳಿ” ಎಂದಳು. ಹಕ್ಕಿಗಳು ತವರಿಗೆ ಬಂದ ಹೆಣ್ಣುಮಕ್ಕಳೆಂಬ ಮಾತು ಆ ಊರಿನಲ್ಲಿ ಎಲ್ಲರ ಬಾಯಲ್ಲೂ ಇರುವಂಥದು. ಬಾಗಿಲ ಮಾತು ಮಾತ್ರ ನನಗೆ ಹೊಸದು. ಹುಡುಗರು ಹಿಂದಕ್ಕೆ ಬಂದರು. ಅವರಿಗೆ ಅರ್ಥವಾಗದ ಮಾತೇನೂ ಅದರಲ್ಲಿರಲಿಲ್ಲ.

ಹಳ್ಳಿಯ ಈ ನಂಟನ್ನು ಸಕ್ಕರೆಯಲ್ಲಿ ಅದ್ದಿ ತೋರಿಸಬೇಕಾಗಿಲ್ಲ. ಗೂಡಿದ್ದ ಮರದ ಹುಣಿಸೆಯನ್ನು ಬಡಿಯಲಾಗದೆ ರೈತನಿಗೆ ನಷ್ಟವಾಗುತ್ತದೆ. ಅದಕ್ಕೆಂದು ಸರಕಾರದಿಂದ ಪರಿಹಾರಧನದ ಏರ್ಪಾಡು ನಡೆಯಿತು. ಹಕ್ಕಿಯ ಹಿಕ್ಕೆ ಹೊಲಕ್ಕೆ ಗೊಬ್ಬರವಾಗುತ್ತದೆ, ಅದೂ ಲೆಕ್ಕದಲ್ಲಿದೆ. 2007ರಲ್ಲಿ ಊರು ಸಮುದಾಯ ಸಂರಕ್ಷಿತ ಪ್ರದೇಶವೆಂದು ಘೋಷಿತವಾಯಿತು. ಯಾವ ನಂಟಸ್ತಿಕೆಯಲ್ಲಿ ಲೆಕ್ಕವಿಲ್ಲ? ಆದರೆ ಲೆಕ್ಕದ ಆಚೆಗೂ ಒಂದು ಮಾತು ಉಳಿಯುತ್ತದೆ. ಆ ರೈತ ಹಕ್ಕಿಗಾಗಿ ತನ್ನದೊಂದನ್ನು ಬಿಟ್ಟುಕೊಟ್ಟಿದ್ದಾನೆ. ಮೂಗು ಮುಚ್ಚಿಕೊಳ್ಳಬೇಕಾದ ವಾಸನೆಯನ್ನೂ, ರಾತ್ರಿಯ ಗದ್ದಲವನ್ನೂ ಸಹಿಸಿದ್ದಾನೆ. ದುರ್ಬೀನು ಹಿಡಿದು ಪಟ್ಟಣದಿಂದ ಹೋದ ನಾವು ಏನನ್ನು ಬಿಟ್ಟುಕೊಟ್ಟೆವು? ಹುಣಿಸೆಮರ ನಮ್ಮದಲ್ಲ. ಕೆರೆಯ ನೀರು ನಮ್ಮ ಗದ್ದೆಗೆ ಹರಿಯುವುದಿಲ್ಲ. ನಮ್ಮ ಕೈಯಲ್ಲಿರುವುದು ನೋಟವೊಂದೇ. ಬಿಟ್ಟುಕೊಡುವುದಾದರೆ ಅದನ್ನೇ ಬಿಟ್ಟುಕೊಡಬೇಕು.

ನೋಟದ ಧರ್ಮ ಇದೇ ಎಂದು ನನಗೆ ತೋರುತ್ತದೆ: ನೋಡಬಹುದಾದುದನ್ನು ನೋಡದೆ ಹಿಂದಿರುಗಬಲ್ಲ ಶಕ್ತಿ. ಗೂಡು ಎಲ್ಲಿದೆಯೆಂದು ಗೊತ್ತಾದ ಮೇಲೂ ಅತ್ತ ಹೋಗದಿರುವುದು. ಗೊತ್ತಾದುದನ್ನು ಹತ್ತು ಜನಕ್ಕೆ ಸಾರದಿರುವುದು. ಹಕ್ಕಿ ಮೇಯುವುದನ್ನು ನಿಲ್ಲಿಸಿ ತಲೆಯೆತ್ತಿ ನಮ್ಮತ್ತ ನೋಡಿದ ಕ್ಷಣದಲ್ಲಿ, ಇನ್ನು ಸಾಕು ಎಂದು ಅದು ಹೇಳಿತೆಂದು ತಿಳಿದು ಎರಡು ಹೆಜ್ಜೆ ಹಿಂದೆ ಸರಿಯುವುದು. ಚಿತ್ರವಿಲ್ಲದೆ, ಪಟ್ಟಿಗೆ ಹೊಸ ಹೆಸರಿಲ್ಲದೆ ಮನೆಗೆ ಬಂದು, ಬೆಳಗು ವ್ಯರ್ಥವಾಯಿತೆಂದು ಕೊರಗದಿರುವುದು. ಇದು ಸುಲಭವೆಂದು ಭಾವಿಸಬೇಡಿ. ಉಪವಾಸ ಮಾಡುವವನ ಮುಂದೆ ಬಾಳೆಯೆಲೆ ಹಾಕಿಟ್ಟಂತೆಯೇ ಇದು. ಕಣ್ಣಿಗೂ ಹಸಿವಿದೆ, ಅದಕ್ಕೂ ಏಕಾದಶಿ ಇರಬೇಕು.

ಒಬ್ಬ ಸ್ನೇಹಿತರು ಇದಕ್ಕೆ ಒಂದು ಆಕ್ಷೇಪ ತೆಗೆದರು. “ನೋಡದೆ ಹಿಂದಿರುಗಿದವನಿಗೂ, ಕೆರೆಯ ಕಡೆ ತಲೆಹಾಕದೆ ಮನೆಯಲ್ಲಿ ಮಲಗಿದ್ದವನಿಗೂ ಏನು ವ್ಯತ್ಯಾಸ? ಹಕ್ಕಿಯ ಪಾಲಿಗೆ ಇಬ್ಬರೂ ಒಂದೇ ತಾನೆ?” ಎಂದರು. ಆ ಬೆಳಗಿನ ಮಟ್ಟಿಗೆ ಒಂದೇ, ನಿಜ. ಆದರೆ ಕೆರೆಗೆ ಚರಂಡಿಯ ನೀರು ಬಿಟ್ಟ ದಿನ, ಒಡ್ಡಿನ ಆಚೆ ಮಣ್ಣು ಸುರಿದ ದಿನ, ನಡುಗಡ್ಡೆಗೆ ದೀಪ ಹಾಕಿಸಿ ಸಂಜೆಯ ಮೆರವಣಿಗೆ ಮಾಡೋಣವೆಂದು ಯಾರೋ ಹೊರಟ ದಿನ ಇಬ್ಬರೂ ಒಂದೇ ಅಲ್ಲ. ಮಲಗಿದ್ದವನಿಗೆ ಏನು ಹೋಯಿತೆಂದೇ ತಿಳಿಯದು. ಹಿಂದೆ ಸರಿದವನಿಗೆ ತಿಳಿದಿದೆ. ಅವನು ಬಾಯಿ ತೆರೆಯಬೇಕು, ಅರ್ಜಿ ಬರೆಯಬೇಕು, ಕಚೇರಿಯ ಮೆಟ್ಟಿಲು ಹತ್ತಬೇಕು. ವಾಲ್ಮೀಕಿ ತಮಸೆಯ ತೀರದಲ್ಲಿ ಕ್ರೌಂಚದ ಜೋಡಿಯನ್ನು ಸುಮ್ಮನೆ ನೋಡುತ್ತಿದ್ದವರು. ಬೇಡನ ಬಾಣ ಒಂದನ್ನು ಕೆಡವಿದಾಗ ಅವರು ಸಾಕ್ಷಿಯಾಗಿ ಉಳಿಯಲಿಲ್ಲ. ನೋಟ ಮಾತಾಯಿತು. ನಮ್ಮ ಅರ್ಜಿಗಳು ಶ್ಲೋಕಗಳಾಗುವುದಿಲ್ಲ, ಇರಲಿ. ಆದರೂ ಅವು ಹುಟ್ಟಬೇಕಾದುದು ಅದೇ ಬಗೆಯ ನೋವಿನಿಂದ.

ಇಷ್ಟೆಲ್ಲ ಮಾಡಿದರೂ ಹಕ್ಕಿಗೆ ನಮ್ಮ ಗುರುತು ಸಿಗುವುದಿಲ್ಲ. ಹಿಮಾಲಯ ದಾಟುವ ಹೆಬ್ಬಾತಿಗೆ ಹದಿನಾರಿನ ಏರಿಯ ಮೇಲೆ ಯಾರು ಸಭ್ಯರಾಗಿ ನಿಂತಿದ್ದರು, ಯಾರು ಚಪ್ಪಾಳೆ ತಟ್ಟಿದರು ಎಂಬ ನೆನಪೇನೂ ಇರಲಾರದು. ಕೃತಜ್ಞತೆಯ ಆಸೆಯಿಲ್ಲದೆ ಮಾಡುವ ಕೆಲಸ ಲೋಕದಲ್ಲಿ ವಿರಳ; ಇದು ಅಂಥವುಗಳಲ್ಲಿ ಒಂದು. ನಮ್ಮಿಂದ ಏನೂ ಆಗಲಿಲ್ಲ ಎಂಬುದೇ ಇಲ್ಲಿ ನಾವು ಪಡೆಯಬಹುದಾದ ಅತ್ಯುತ್ತಮ ಪ್ರಶಸ್ತಿ.

ಉಪನಿಷತ್ತಿನ ಆ ಚಿತ್ರದಲ್ಲಿ ನಾವು ಅವಸರದಲ್ಲಿ ದಾಟಿಬಿಡುವ ಒಂದು ಸಂಗತಿ ಇದೆ. ಒಂದು ತಿನ್ನುತ್ತದೆ, ಒಂದು ನೋಡುತ್ತದೆ ಎನ್ನುವುದಕ್ಕೆ ಮೊದಲು ಋಷಿ ಇನ್ನೊಂದು ಮಾತು ಹೇಳಿದ್ದಾನೆ: ಆ ಎರಡು ಹಕ್ಕಿಗಳು ಗೆಳೆಯರು, ಒಂದೇ ಮರವನ್ನು ಆಶ್ರಯಿಸಿದವು. ತಿನ್ನದೆ ನೋಡುವುದು ಹೇಗೆ ಸಾಧ್ಯವಾಯಿತೆಂಬುದಕ್ಕೆ ಕಾರಣ ಆ ಒಂದು ಪದದಲ್ಲಿ ಅಡಗಿದೆಯೆಂದು ನನ್ನ ನಂಬಿಕೆ. ಅಪರಿಚಿತನಿಗೆ ನೋಡಿದಷ್ಟೂ ಸಾಲದು. ಗೆಳೆಯನಿಗೆ, ಅವನು ಅದೇ ಮರದಲ್ಲಿ ಕ್ಷೇಮವಾಗಿದ್ದಾನೆಂದು ತಿಳಿದರೆ ಸಾಕು.